ಪೊಲೀಸರು ನಿಲ್ಲಿಸಲು ಸೂಚಿಸಿದಾಗ ವಾಹನವನ್ನು ಎಲ್ಲಿ ನಿಲ್ಲಿಸಬೇಕು?

ಹಿಂದಿನ ಕನ್ನಡಿಯಲ್ಲಿ ಪೊಲೀಸ್ ವಾಹನದ ದೀಪಗಳು ಮಿನುಗಿದೊಡನೆ ಹೆಚ್ಚಿನ ಚಾಲಕರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಏನು ತಪ್ಪಾಯಿತು, ಎಷ್ಟು ದಂಡ ಬೀಳಬಹುದು, ಕಾಗದಪತ್ರಗಳು ಎಲ್ಲಿವೆ ಎಂಬ ಯೋಚನೆಗಳೆಲ್ಲ ಒಮ್ಮೆಗೇ ನುಗ್ಗುತ್ತವೆ. ವಾಹನ ಯಾವ ಜಾಗದಲ್ಲಿ ನಿಲ್ಲುತ್ತಿದೆ ಎಂಬುದು ಮಾತ್ರ ಆ ಗಡಿಬಿಡಿಯಲ್ಲಿ ಗಮನಕ್ಕೆ ಬರುವುದಿಲ್ಲ. ಆದರೆ ಮುಂದಿನ ಹತ್ತು ಹದಿನೈದು ನಿಮಿಷ ಚಾಲಕರ ಮತ್ತು ಅಧಿಕಾರಿಯ ಜೀವ ಅವಲಂಬಿಸಿರುವುದು ಆ ಜಾಗವನ್ನೇ.

ವಾಹನ ನಿಲ್ಲಿಸುವುದನ್ನು ನಾವು ಚಾಲಕ ಮತ್ತು ಪೊಲೀಸ್ ಅಧಿಕಾರಿ, ಇವರಿಬ್ಬರ ನಡುವಿನ ವ್ಯವಹಾರವೆಂದೇ ತಿಳಿಯುತ್ತೇವೆ. ಬೇಗ ನಿಲ್ಲಿಸಿದರೆ ವಿಧೇಯತೆ, ತಡ ಮಾಡಿದರೆ ಉದ್ಧಟತನ ಎಂಬ ಲೆಕ್ಕಾಚಾರ ಅಲ್ಲಿಂದಲೇ ಹುಟ್ಟುತ್ತದೆ. ವಾಸ್ತವದಲ್ಲಿ ಅಲ್ಲಿ ಮೂರನೆಯವರೊಬ್ಬರಿದ್ದಾರೆ. ಅವರು ಇನ್ನೂ ಅರ್ಧ ಕಿಲೋಮೀಟರು ಹಿಂದೆ ಇದ್ದಾರೆ, ಇವರಿಬ್ಬರ ಬಗ್ಗೆ ಅವರಿಗೆ ಏನೂ ತಿಳಿಯದು, ಅವರ ವಾಹನ ಮಾತ್ರ ಇದೇ ದಾರಿಯಲ್ಲಿ ವೇಗವಾಗಿ ಬರುತ್ತಿದೆ. ನಿಲ್ಲುವ ಜಾಗವನ್ನು ಆ ಮೂರನೆಯವರ ಕಣ್ಣಿನಿಂದ ನೋಡಿ ಆರಿಸಬೇಕು ಎಂಬುದೇ ಈ ಲೇಖನದ ತಿರುಳು. ಉಳಿದ ಸಲಹೆಗಳೆಲ್ಲ ಅದರಿಂದಲೇ ಹೊರಡುತ್ತವೆ.

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಗುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರು ಕ್ರಮಿಸುತ್ತದೆ. ಎದುರಿಗೆ ಅಡ್ಡಿಯೊಂದು ಕಂಡು, ಅದು ನಿಂತಿದೆಯೆಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಎಚ್ಚರವಾಗಿರುವ ಚಾಲಕರಿಗೂ ಸುಮಾರು ಒಂದೂವರೆ ಸೆಕೆಂಡು ಬೇಕಾಗುತ್ತದೆ. ಅಷ್ಟರಲ್ಲಿ 42 ಮೀಟರು ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೂ ಕಾರು ಪೂರ್ತಿ ನಿಲ್ಲಲು ಇನ್ನೂ 55 ಮೀಟರು ಬೇಕು. ಅಲ್ಲಿಗೆ ಒಟ್ಟು ನೂರು ಮೀಟರಿನ ಸಮೀಪ ಬಂತು. ರಸ್ತೆ ಒದ್ದೆಯಾಗಿದ್ದರೆ ಈ ದೂರ 140 ಮೀಟರಿನ ಹತ್ತಿರ ಹೋಗುತ್ತದೆ. ಈಗ ತಿರುವೊಂದನ್ನು ದಾಟಿ 60 ಮೀಟರು ಮುಂದೆ ನಿಂತಿರುವ ಕಾರನ್ನು ಕಲ್ಪಿಸಿಕೊಳ್ಳಿ. ಹಿಂದಿನಿಂದ ಬರುವವರ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಅವರ ಬಳಿ ಉಳಿದಿರುವುದು 60 ಮೀಟರು ಮಾತ್ರ. ಅವರು ಎಷ್ಟೇ ನುರಿತ ಚಾಲಕರಾಗಿರಲಿ, ಆ ವೇಗದಲ್ಲಿ ಅಷ್ಟರೊಳಗೆ ವಾಹನವನ್ನು ನಿಲ್ಲಿಸಲಾರರು. ಪಕ್ಕದ ಪಥ ಖಾಲಿಯಿದ್ದು ಸ್ಟೇರಿಂಗ್ ತಿರುಗಿಸಿಕೊಂಡರೆ ಬಚಾವಾದರು.

ಅದೂ ಒಬ್ಬರೇ ಅಲ್ಲ. ಪಕ್ಕದ ಪಥದಲ್ಲಿ ಎರಡು ಸೆಕೆಂಡಿಗೊಂದು ವಾಹನ ಹಾದುಹೋಗುತ್ತಿದ್ದರೆ, ಹತ್ತು ನಿಮಿಷದ ತಪಾಸಣೆ ಮುಗಿಯುವಷ್ಟರಲ್ಲಿ 300 ವಾಹನಗಳು ಕೈಗೆಟಕುವ ದೂರದಲ್ಲಿ ಸಾಗಿಹೋಗಿರುತ್ತವೆ. ಅವರಲ್ಲಿ ಒಬ್ಬರು ಎರಡೇ ಎರಡು ಸೆಕೆಂಡು ಮೊಬೈಲಿನ ಪರದೆಯತ್ತ ನೋಡಿದರೂ ಆ ಹೊತ್ತಿನಲ್ಲಿ ವಾಹನ 56 ಮೀಟರು ಕುರುಡಾಗಿ ಓಡಿರುತ್ತದೆ. ಆದ್ದರಿಂದ ಒಳ್ಳೆಯ ಜಾಗದ ಮೊದಲ ಲಕ್ಷಣವೆಂದರೆ ಹಿಂದಿನಿಂದ ಬರುವವರಿಗೆ ಅದು ಬಹಳ ದೂರದಿಂದಲೇ ಕಾಣಬೇಕು. ನೇರವಾದ, ಸಮತಟ್ಟಾದ ರಸ್ತೆಯ ತುಂಡು ಅದಕ್ಕೆ ತಕ್ಕದ್ದು. ತಿರುವಿನ ಒಳಗೆ, ತಿರುವು ದಾಟಿದ ಕೂಡಲೇ, ಏರಿನ ನೆತ್ತಿಯಲ್ಲಿ ಅಥವಾ ಅದರ ಆಚೆಯ ಇಳಿಜಾರು ಶುರುವಾಗುವಲ್ಲಿ ನಿಲ್ಲಿಸಬಾರದು. ಏರಿನ ಆಚೆ ನಿಂತ ವಾಹನ ಎಷ್ಟೇ ದೀಪ ಮಿನುಗಿಸಿದರೂ ಈಚೆಯಿಂದ ಬರುವವರಿಗೆ ಅದರ ಮೇಲ್ಛಾವಣಿಯೂ ಕಾಣಿಸದು.

ಎರಡನೆಯ ಲಕ್ಷಣ ಅಗಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಚಾಲಕರ ಆಸನದಲ್ಲಿ ಕುಳಿತವರಿಗೆ ಸಾಕಷ್ಟು ಜಾಗವಿದೆ ಎಂದು ತೋರುವ ಕಡೆ ಹೊರಗೆ ನಿಂತವರಿಗೆ ಜಾಗವಿರುವುದಿಲ್ಲ. ಹೆದ್ದಾರಿಗಳಲ್ಲಿ ಓಡಾಟದ ಪಥಗಳ ಹೊರಗೆ, ಬಿಳಿ ಗೆರೆಯ ಆಚೆ ಬಿಟ್ಟಿರುವ ಪಟ್ಟಿಯನ್ನು ಶೋಲ್ಡರ್ ಎನ್ನುತ್ತಾರೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ಮಾನದಂಡದಂತೆ ಹೊರಬದಿಯ ಶೋಲ್ಡರ್ ಕನಿಷ್ಠ 10 ಅಡಿ, ಅಂದರೆ ಸುಮಾರು 3 ಮೀಟರು ಅಗಲವಿರಬೇಕು. ಕಾರಿನ ಅಗಲ ಸುಮಾರು 1.8 ಮೀಟರು. ಚಾಲಕರು ತಡೆಗೋಡೆಯಿಂದ 30 ಸೆಂಟಿಮೀಟರು ಬಿಟ್ಟು ನಿಲ್ಲಿಸಿದರೆ ಬಿಳಿ ಗೆರೆಯ ತನಕ ಉಳಿಯುವುದು 90 ಸೆಂಟಿಮೀಟರು. ಕಾರಿನ ಕಿಟಕಿಯ ಬಳಿ ಬಾಗಿ ಮಾತನಾಡುವ ಅಧಿಕಾರಿಯ ದೇಹ, ಸೊಂಟದ ಪಟ್ಟಿ, ಕೈಯಲ್ಲಿನ ಪುಸ್ತಕ, ಇಷ್ಟೇ ಅದರಲ್ಲಿ ಮುಕ್ಕಾಲು ಪಾಲನ್ನು ತುಂಬಿಬಿಡುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಅದರ ಗಾಳಿಗೆ ನಿಂತ ಕಾರು ಅಲುಗಾಡುವುದನ್ನು ಒಳಗೆ ಕುಳಿತವರೂ ಅನುಭವಿಸಿರುತ್ತಾರೆ. ಹೊರಗೆ ರಸ್ತೆಗೆ ಬೆನ್ನುಕೊಟ್ಟು ನಿಂತವರ ಸ್ಥಿತಿಯನ್ನು ಅದರಿಂದಲೇ ಊಹಿಸಬಹುದು. ಇದೆಲ್ಲ ನಿಯಮದಂತೆ ಕಟ್ಟಿದ ಹೆದ್ದಾರಿಯ ಮಾತು. ಶೋಲ್ಡರ್ ಒಂದೂವರೆ ಮೀಟರಿಗೆ ಇಳಿಯುವ ಕಡೆ ಕಾರಿನ ಬಲ ಅಥವಾ ಎಡ ಚಕ್ರಗಳು ಪಥದೊಳಗೇ ಉಳಿಯುತ್ತವೆ.

ಈ ಕಾರಣಕ್ಕಾಗಿಯೇ ಶೋಲ್ಡರಿನ ಮೇಲೆ ನಿಲ್ಲಿಸಬೇಕಾಗಿ ಬಂದಾಗ ಸಂಚಾರದಿಂದ ಎಷ್ಟು ಸಾಧ್ಯವೋ ಅಷ್ಟು ದೂರ, ಹೊರ ಅಂಚಿಗೆ ಒತ್ತಿ, ರಸ್ತೆಗೆ ಸಮಾಂತರವಾಗಿ ನಿಲ್ಲಿಸುವುದು ಮುಖ್ಯ. ಓರೆಯಾಗಿ ನಿಲ್ಲಿಸಿದ ಕಾರಿನ ಹಿಂಭಾಗ ಪಥದೊಳಗೆ ಚಾಚಿಕೊಂಡಿರುತ್ತದೆ. ಪೊಲೀಸ್ ವಾಹನವು ಸಾಮಾನ್ಯವಾಗಿ ಕೆಲವು ಮೀಟರು ಹಿಂದೆ, ನಿಮ್ಮ ವಾಹನಕ್ಕಿಂತ ಸ್ವಲ್ಪ ರಸ್ತೆಯ ಕಡೆಗೆ ಸರಿದು ನಿಲ್ಲುತ್ತದೆ. ಇದು ಅಜಾಗರೂಕತೆಯಲ್ಲ. ಹಾಗೆ ಸರಿದು ನಿಂತಾಗ ಅಧಿಕಾರಿ ನಡೆದುಬರುವ ದಾರಿಗೆ ಅವರ ವಾಹನವೇ ಗುರಾಣಿಯಾಗುತ್ತದೆ. ಚಾಲಕರು ಹೊರ ಅಂಚಿಗೆ ಒತ್ತಿ ನಿಲ್ಲಿಸದಿದ್ದರೆ ಪೊಲೀಸ್ ವಾಹನ ಹೀಗೆ ಸರಿಯಲು ಓಡಾಟದ ಪಥದೊಳಕ್ಕೇ ಬರಬೇಕಾಗುತ್ತದೆ. ಅನೇಕ ಅಧಿಕಾರಿಗಳು ರಸ್ತೆಯ ಬದಿಯ ಕಿಟಕಿಗೆ ಬರುವ ಬದಲು ಸುತ್ತಿಕೊಂಡು ಇನ್ನೊಂದು ಬದಿಯ ಕಿಟಕಿಗೆ ಬರುತ್ತಾರೆ. ಅಂಥವರಿಗಾಗಿ ಆ ಬದಿಯಲ್ಲೂ ಒಬ್ಬರು ನಡೆಯುವಷ್ಟು ನೆಲವಿದ್ದರೆ ಅನುಕೂಲ. ತಡೆಗೋಡೆಗೆ ಕಾರನ್ನು ಪೂರ್ತಿ ಅಂಟಿಸಿ ನಿಲ್ಲಿಸುವುದಕ್ಕಿಂತ ತಡೆಗೋಡೆಯೇ ಇಲ್ಲದ, ಪಕ್ಕದಲ್ಲಿ ಬಯಲಿರುವ ಜಾಗವನ್ನು ಹುಡುಕುವುದು ಒಳ್ಳೆಯದು ಎನ್ನುವುದು ಇದಕ್ಕೇ. ವಾಹನವೊಂದು ಅಡ್ಡಾದಿಡ್ಡಿ ನುಗ್ಗಿ ಬಂದರೆ ಹಾರಿ ತಪ್ಪಿಸಿಕೊಳ್ಳಲು ಅವರಿಗೆ ಎಲ್ಲಾದರೂ ಜಾಗ ಬೇಕು.

ಸೇತುವೆಗಳು ಅತ್ಯಂತ ಕೆಟ್ಟ ಜಾಗವಾಗುವುದೂ ಇದೇ ಕಾರಣದಿಂದ. ಅಲ್ಲಿ ಶೋಲ್ಡರ್ ಕಿರಿದಾಗುತ್ತದೆ ಅಥವಾ ಇರುವುದೇ ಇಲ್ಲ, ಪಕ್ಕಕ್ಕೆ ಸರಿಯಲು ನೆಲವಿಲ್ಲ, ತಡೆಗೋಡೆಯ ಆಚೆ ಆಳವಿದೆ. ಕತ್ತಲಲ್ಲಿ ಆಚೆ ನೆಲವಿದೆಯೆಂದು ಭಾವಿಸಿ ಹಾರಿ ಕೆಳಗೆ ಬಿದ್ದ ದುರಂತಗಳೂ ನಡೆದಿವೆ. ಸುರಂಗ, ಕೆಳಸೇತುವೆ, ಮೇಲ್ಸೇತುವೆಯ ಇಳಿಜಾರು, ರೈಲ್ವೆ ಗೇಟಿನ ಹತ್ತಿರ, ಪಾದಚಾರಿಗಳು ರಸ್ತೆ ದಾಟುವ ಪಟ್ಟಿ, ಕೂಡುರಸ್ತೆಯ ಬಾಯಿ ಇವೂ ಬೇಡ. ಮುಖ್ಯರಸ್ತೆಯಿಂದ ಕವಲು ಒಡೆಯುವಲ್ಲಿ ಗೆರೆ ಎಳೆದು ಬಿಟ್ಟಿರುವ ತ್ರಿಕೋನ ಜಾಗ ಮೊದಲ ನೋಟಕ್ಕೆ ಖಾಲಿಯಾಗಿ, ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದರ ಎರಡೂ ಬದಿಯಲ್ಲಿ ವಾಹನಗಳು ಓಡುತ್ತವೆ; ಕೊನೆಯ ಗಳಿಗೆಯಲ್ಲಿ ದಾರಿ ಬದಲಿಸುವವರು ಸರಿಯಾಗಿ ಅದರ ಮೇಲೆಯೇ ಹಾಯುತ್ತಾರೆ.

ವೇಗದ ಪಥದಲ್ಲಿ ಹೋಗುತ್ತಿರುವಾಗ ಸೂಚನೆ ಸಿಕ್ಕರೆ ಹಲವರು ಹತ್ತಿರದಲ್ಲೇ ಇದೆಯೆಂದು ರಸ್ತೆ ವಿಭಜಕದ ಬದಿಗೆ ಒತ್ತಿ ನಿಲ್ಲಿಸಿಬಿಡುತ್ತಾರೆ. ಇದು ತಪ್ಪು. ಆ ಬದಿಯಲ್ಲಿ ಬಿಟ್ಟಿರುವ ಅಂಚು ಬಹಳ ಕಿರಿದು. ಮೇಲೆ ಹೇಳಿದ ಅದೇ ಅಮೆರಿಕದ ಮಾನದಂಡದಲ್ಲಿ ನಾಲ್ಕು ಪಥದ ಹೆದ್ದಾರಿಯ ಒಳ ಅಂಚಿಗೆ ಹೇಳಿರುವುದು 4 ಅಡಿ ಮಾತ್ರ. ಪಕ್ಕದಲ್ಲಿ ಸಾಗುವ ವಾಹನಗಳೂ ಅತಿವೇಗದವು. ನಿಧಾನ ಪಥ ಯಾವ ಕಡೆಗಿದೆಯೋ ಆ ಕಡೆಗೆ, ಅಂದರೆ ಎಡಬದಿಯಲ್ಲಿ ಚಲಿಸುವ ದೇಶಗಳಲ್ಲಿ ಎಡಕ್ಕೆ, ಬಲಬದಿಯಲ್ಲಿ ಚಲಿಸುವ ದೇಶಗಳಲ್ಲಿ ಬಲಕ್ಕೆ, ಇಂಡಿಕೇಟರ್ ಹಾಕಿ ಒಂದೊಂದೇ ಪಥವನ್ನು ದಾಟುತ್ತ ಬರಬೇಕು. ಹಿಂದಿನ ಪೊಲೀಸ್ ವಾಹನ ಸಾಮಾನ್ಯವಾಗಿ ನಿಮ್ಮೊಡನೆಯೇ ಪಥ ಬದಲಿಸುತ್ತ, ಹಿಂದಿನ ಸಂಚಾರವನ್ನು ತಡೆಹಿಡಿದು ದಾರಿ ಮಾಡಿಕೊಡುತ್ತದೆ. ಒಂದು ವೇಳೆ ಅದು ನಿಮ್ಮನ್ನು ದಾಟಿ ಮುಂದೆ ಹೋದರೆ, ಬೇಕಾಗಿದ್ದುದು ನಿಮ್ಮ ವಾಹನವಲ್ಲ, ದಾರಿ ಮಾತ್ರ ಎಂದು ತಿಳಿಯಬಹುದು.

ಇಷ್ಟೆಲ್ಲ ಲಕ್ಷಣಗಳಿರುವ ಜಾಗ ದೀಪ ಮಿನುಗಿದ ಕ್ಷಣದಲ್ಲೇ ಎದುರಿಗೆ ಸಿಗಬೇಕೆಂದಿಲ್ಲ. ಹಾಗಾದರೆ ಎಷ್ಟು ದೂರ ಹೋಗಬಹುದು ಎಂಬುದು ಸಹಜವಾದ ಪ್ರಶ್ನೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 106ನೆಯ ನಿಯಮವು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪೊಲೀಸರು ಸೂಚಿಸಿದಾಗ, ಸುರಕ್ಷಿತವಾಗಿ ಸಾಧ್ಯವಾದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲಬೇಕು, ಆಮೇಲೆ ಎಂಜಿನ್ ಆರಿಸಬೇಕು. ಇದರಲ್ಲಿ ‘ಸುರಕ್ಷಿತವಾಗಿ’ ಮತ್ತು ‘ಕೂಡಲೇ’ ಎಂಬ ಎರಡೂ ಪದಗಳಿಗೆ ಸಮಾನ ತೂಕವಿದೆ. ಬೇರೆ ಕಡೆಗಳ ಕಾನೂನುಗಳ ಮಾತು ಬೇರೆಯಿರಬಹುದು. ಕೆಲವು ಕಡೆ ತಕ್ಷಣ ನಿಲ್ಲಿಸುವುದಕ್ಕೇ ಹೆಚ್ಚಿನ ಒತ್ತು ಇರುತ್ತದೆ, ಹಾಗಾಗಿ ತಾವು ವಾಹನ ಓಡಿಸುವ ಪ್ರದೇಶದ ನಿಯಮವನ್ನು ಪ್ರತಿಯೊಬ್ಬರೂ ತಿಳಿದಿಟ್ಟುಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ದೂರಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ. ಜಾಗ ಹುಡುಕುತ್ತಿರುವ ಚಾಲಕರೂ ತಪ್ಪಿಸಿಕೊಂಡು ಓಡುತ್ತಿರುವ ಚಾಲಕರೂ ಹಿಂದಿನಿಂದ ನೋಡುವವರಿಗೆ ಮೊದಲ ಕೆಲವು ಸೆಕೆಂಡು ಒಂದೇ ರೀತಿ ಕಾಣುತ್ತಾರೆ. ವ್ಯತ್ಯಾಸವನ್ನು ತೋರಿಸಿಕೊಡುವ ಹೊಣೆ ಬೀಳುವುದು ಚಾಲಕರ ಮೇಲೆಯೇ.

ಅದನ್ನು ತೋರಿಸುವ ಭಾಷೆ ಸರಳವಾಗಿದೆ. ಓಡುವವರು ವೇಗ ಹೆಚ್ಚಿಸುತ್ತಾರೆ, ಆದ್ದರಿಂದ ನೀವು ಎದ್ದು ಕಾಣುವಂತೆ ವೇಗ ತಗ್ಗಿಸಬೇಕು. ಹಾಗೆಂದು ಒಮ್ಮೆಲೇ ಬ್ರೇಕ್ ಒತ್ತಬಾರದು, ಏಕೆಂದರೆ ಪೊಲೀಸ್ ವಾಹನ ಬೆನ್ನಿಗೇ ಇರುತ್ತದೆ. ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗುವ ಹಜಾರ್ಡ್ ದೀಪಗಳನ್ನು ಹಾಕಿದರೆ ‘ಸೂಚನೆ ಕಂಡಿದ್ದೇನೆ, ನಿಲ್ಲಿಸಲಿದ್ದೇನೆ’ ಎಂದು ಹೇಳಿದಂತೆ. ಇಲ್ಲೊಂದು ಸಣ್ಣ ವಿಷಯವನ್ನು ನೆನಪಿಡಬೇಕು: ಬಹುಪಾಲು ವಾಹನಗಳಲ್ಲಿ ಹಜಾರ್ಡ್ ದೀಪ ಉರಿಯುತ್ತಿರುವಾಗ ಎಡ ಬಲದ ಇಂಡಿಕೇಟರ್ ಬೇರೆಯಾಗಿ ಕಾಣುವುದಿಲ್ಲ. ಹೀಗಾಗಿ ಪಥ ಬದಲಿಸುವಾಗಲೂ ಕೊನೆಗೆ ಪಕ್ಕಕ್ಕೆ ಸರಿಯುವಾಗಲೂ ಹಜಾರ್ಡ್ ಆರಿಸಿ, ಸರಿಯುವ ಕಡೆಯ ಇಂಡಿಕೇಟರನ್ನೇ ಹಾಕಬೇಕು. ಒಂದು ಒಳ್ಳೆಯ ಜಾಗವನ್ನು ದಾಟಿ ಮತ್ತೊಂದಕ್ಕೆ ಹೋಗುವುದಂತೂ ಸಲ್ಲದು. ಸೂಚನೆಯ ಬಳಿಕ ಸಿಗುವ ಮೊದಲ ಸುರಕ್ಷಿತ ಜಾಗವೇ ನಿಮ್ಮ ಜಾಗ.

ಈ ಭಾಷೆಯನ್ನು ಎರಡೂ ಕಡೆಯವರು ಓದಬಲ್ಲವರಾಗಿರಬೇಕು ಎನ್ನುವುದಕ್ಕೆ 2020ರ ಜುಲೈನಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ನಡೆದ ಘಟನೆ ನೋವಿನ ಸಾಕ್ಷಿಯಾಗಿದೆ. ರಾತ್ರಿಯಲ್ಲಿ ಹೆದ್ದಾರಿಯೊಂದರಲ್ಲಿ ಅತಿವೇಗದ ಕಾರಣಕ್ಕೆ ರಾಜ್ಯ ಪೊಲೀಸ್ ಅಧಿಕಾರಿಯೊಬ್ಬರು ಗರ್ಭಿಣಿಯೊಬ್ಬರ ಕಾರಿಗೆ ನಿಲ್ಲಲು ಸೂಚಿಸಿದರು. ಪಕ್ಕದಲ್ಲಿ ಕಾಂಕ್ರೀಟ್ ತಡೆಗೋಡೆಯಿತ್ತು, ಶೋಲ್ಡರ್ ಕಿರಿದಾಗಿತ್ತು. ಅವರು ವೇಗ ತಗ್ಗಿಸಿ, ಹಜಾರ್ಡ್ ದೀಪ ಹಾಕಿ, ಹೊರದಾರಿಯನ್ನು ಹುಡುಕುತ್ತ ಮುಂದೆ ಸಾಗಿದರು. ಆ ರಾಜ್ಯದ ಚಾಲನಾ ಪರವಾನಗಿಯ ಕೈಪಿಡಿಯೂ ಸುರಕ್ಷಿತ ಜಾಗ ಹುಡುಕುತ್ತಿರುವುದನ್ನು ಇಂಡಿಕೇಟರ್ ಅಥವಾ ಹಜಾರ್ಡ್ ದೀಪದಿಂದ ತಿಳಿಸಬೇಕೆಂದೇ ಹೇಳಿತ್ತು. ಸುಮಾರು ಎರಡು ನಿಮಿಷಗಳ ಬಳಿಕ ಅಧಿಕಾರಿ ಅವರ ಕಾರಿನ ಹಿಂಬದಿಯ ಮೂಲೆಗೆ ತಮ್ಮ ವಾಹನವನ್ನು ತಾಗಿಸಿ ತಿರುಗಿಸಿದರು. ಕಾರು ತಡೆಗೋಡೆಗೆ ಬಡಿದು ತಲೆಕೆಳಗಾಯಿತು. ಅದೃಷ್ಟವಶಾತ್ ತಾಯಿಯೂ ಮಗುವೂ ಉಳಿದರು. ಅವರು ಹೂಡಿದ ಮೊಕದ್ದಮೆ 2021ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ಚಾಲಕಿ ಕೈಪಿಡಿಯಂತೆ ನಡೆದಿದ್ದರು ಎಂಬುದನ್ನು ಒತ್ತಿ ಹೇಳಬೇಕು. ಇಂಥ ಪರಿಸ್ಥಿತಿಯಲ್ಲಿ ದೀಪದ ಭಾಷೆಗೆ ದನಿಯ ಭಾಷೆಯನ್ನೂ ಸೇರಿಸುವುದು ಸಾಧ್ಯ. ತುರ್ತು ಸಂಖ್ಯೆಗೆ, ಅಂದರೆ ಯುರೋಪ್ ಮತ್ತು ಭಾರತದಲ್ಲಿ 112ಕ್ಕೆ, ಉತ್ತರ ಅಮೆರಿಕದಲ್ಲಿ 911ಕ್ಕೆ, ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ, ಎಲ್ಲಿದ್ದೇವೆ, ಯಾವ ವಾಹನ, ನಿಲ್ಲಿಸಲು ಜಾಗ ಹುಡುಕುತ್ತಿದ್ದೇವೆ ಎಂದು ತಿಳಿಸಿದರೆ ಆ ಮಾತು ನಿಯಂತ್ರಣ ಕೊಠಡಿಯ ಮೂಲಕ ಹಿಂದಿರುವ ಅಧಿಕಾರಿಯನ್ನು ತಲುಪಬಹುದು. ಜೊತೆಯಲ್ಲಿ ಪ್ರಯಾಣಿಕರಿದ್ದರೆ ಈ ಕೆಲಸ ಅವರದು. ಒಬ್ಬರೇ ಇದ್ದರೆ ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡುವ ಅನುಕೂಲವಿದ್ದಾಗ ಮಾತ್ರ.

ಹಿಂದೆ ಬರುತ್ತಿರುವ ವಾಹನ ನಿಜಕ್ಕೂ ಪೊಲೀಸರದೇ ಎಂಬ ಅನುಮಾನ ಮೂಡಿದಾಗಲೂ ಇದೇ ಸಂಖ್ಯೆ ನೆರವಿಗೆ ಬರುತ್ತದೆ. ಗುರುತಿನ ಬಣ್ಣವಿಲ್ಲದ ವಾಹನ, ರಾತ್ರಿ, ಜನಸಂಚಾರವಿಲ್ಲದ ರಸ್ತೆ ಮೂರೂ ಕೂಡಿದಾಗ ಒಂಟಿಯಾಗಿ ಓಡಿಸುತ್ತಿರುವವರಿಗೆ ಭಯವಾಗುವುದು ಸಹಜ, ಆ ಭಯವನ್ನು ಅವಿಧೇಯತೆ ಎಂದು ಯಾರೂ ತಳ್ಳಿಹಾಕಬಾರದು. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 163ನೆಯ ಪ್ರಕರಣದಲ್ಲಿ ವಾಹನ ನಿಲ್ಲಿಸಲು ಆದೇಶಿಸುವ ಪೊಲೀಸರು ಸಮವಸ್ತ್ರದಲ್ಲಿರಬೇಕು ಎಂದಿರುವುದು ಇಂಥ ಅಪನಂಬಿಕೆಗೆ ಎಡೆಯಾಗದಿರಲಿ ಎಂಬ ದೃಷ್ಟಿಯಿಂದಲೂ ಉಪಯುಕ್ತ. ಹಜಾರ್ಡ್ ದೀಪ ಹಾಕಿ, ನಿಧಾನವಾಗಿ, ನೇರವಾಗಿ, ಬೆಳಕೂ ಜನರೂ ಇರುವ ಹತ್ತಿರದ ಜಾಗಕ್ಕೆ, ಅಂದರೆ ಪೆಟ್ರೋಲ್ ಬಂಕ್, ಟೋಲ್ ಗೇಟು, ವಿಶ್ರಾಂತಿ ತಾಣ, ಪೊಲೀಸ್ ಠಾಣೆ ಇಂಥಲ್ಲಿಗೆ ಹೋಗುತ್ತ, ತುರ್ತು ಸಂಖ್ಯೆಯವರಿಂದ ವಾಹನದ ಬಗ್ಗೆ ಖಚಿತಪಡಿಸಿಕೊಳ್ಳಬಹುದು. ಅವರು ‘ಪೊಲೀಸರೇ, ನಿಲ್ಲಿಸಿ’ ಎಂದರೆ ಮುಂದೆ ಹೋಗುವುದಕ್ಕೆ ಕಾರಣ ಉಳಿಯುವುದಿಲ್ಲ.

ನೆಲದ ಗುಣವನ್ನೂ ನೋಡಬೇಕು. ಮಳೆಗೆ ನೆಂದ ಮಣ್ಣಿನ ಅಂಚಿನಲ್ಲಿ ಚಕ್ರ ಹೂತರೆ ಹತ್ತು ನಿಮಿಷದ ತಪಾಸಣೆ ಎರಡು ಗಂಟೆಯ ಪರದಾಟವಾಗುತ್ತದೆ. ಉದ್ದನೆಯ ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಕಾರಿನ ಅಡಿಯ ಬಿಸಿಯಾದ ಹೊಗೆಕೊಳವೆಯ ಭಾಗಗಳಿಂದ ಬೆಂಕಿ ಹತ್ತಿಕೊಳ್ಳುವುದುಂಟು. ಬೈಕಿನವರಿಗೆ ಗಟ್ಟಿ ನೆಲ ಇನ್ನೂ ಮುಖ್ಯ, ಏಕೆಂದರೆ ಸಡಿಲ ಮಣ್ಣಿನಲ್ಲಿ ಸ್ಟ್ಯಾಂಡ್ ಇಳಿದುಹೋಗಿ ಬೈಕು ವಾಲಿ ಬೀಳುತ್ತದೆ. ಲಾರಿ, ಬಸ್ಸುಗಳಿಗೆ ಅವುಗಳ ಪೂರ್ತಿ ಉದ್ದ ಹಿಡಿಸುವ ಜಾಗ ಬೇಕಾದ್ದರಿಂದ ಅವು ಕಾರಿಗಿಂತ ಹೆಚ್ಚು ದೂರ ಹೋಗಬೇಕಾಗಬಹುದು. ಜರ್ಮನಿಯಂಥ ಕಡೆ ಪೊಲೀಸ್ ವಾಹನವೇ ಮುಂದೆ ಬಂದು, ಹಿಂಬಾಲಿಸಲು ಹೇಳುವ ಫಲಕವನ್ನು ಬೆಳಗಿಸಿ, ಹೆದ್ದಾರಿಯ ಹೊರಗಿನ ನಿಲುಗಡೆ ತಾಣಕ್ಕೆ ಕರೆದುಕೊಂಡು ಹೋಗುವ ಪದ್ಧತಿಯಿದೆ. ಜಾಗ ಆರಿಸುವ ಭಾರವನ್ನು ಗಾಬರಿಗೊಂಡ ಚಾಲಕರಿಂದ ಆ ರಸ್ತೆಯನ್ನು ದಿನವೂ ಬಲ್ಲವರಿಗೆ ವರ್ಗಾಯಿಸುವ ಈ ಕ್ರಮ ಎಲ್ಲ ಕಡೆಯೂ ಬರಬೇಕೆಂದು ನನಗೆ ತೋರುತ್ತದೆ.

ನಿಂತ ಮೇಲೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ರಾತ್ರಿಯಾದರೆ ಒಳಗಿನ ದೀಪ ಹೊತ್ತಿಸಿ, ಕೈಗಳನ್ನು ಸ್ಟೇರಿಂಗ್ ಮೇಲೆ ಕಾಣುವಂತೆ ಇಟ್ಟು ಒಳಗೇ ಕುಳಿತಿರುವುದು ಸಾಮಾನ್ಯ ಸಲಹೆ. ಅಧಿಕಾರಿ ಹೇಳದೆ ಇಳಿಯಬಾರದು, ಅದರಲ್ಲೂ ರಸ್ತೆಯ ಬದಿಯ ಬಾಗಿಲನ್ನು ತೆರೆಯಲೇಬಾರದು. ಸೀಟ್ ಬೆಲ್ಟ್ ಕಟ್ಟಿಕೊಂಡೇ ಇರಲಿ. ನಿಂತ ಕಾರಿಗೆ ಹಿಂದಿನಿಂದ ಪೆಟ್ಟು ಬಿದ್ದರೆ ಬೆಲ್ಟ್ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಆರಿಸಿಕೊಂಡ ಜಾಗ ಸರಿಯಿಲ್ಲವೆಂದು ನಿಂತ ಮೇಲೆ ಹೊಳೆದರೆ ರಿವರ್ಸ್ ಗೇರ್ ಹಾಕುವುದಾಗಲಿ, ತಾನಾಗಿ ಮುಂದಕ್ಕೆ ಚಲಿಸುವುದಾಗಲಿ ಕೂಡದು. ಅಧಿಕಾರಿ ಕಿಟಕಿಯ ಬಳಿ ಬಂದಾಗ ‘ಇಲ್ಲಿ ನಿಮಗೆ ಅಪಾಯವೆನಿಸುತ್ತದೆ, ಮುಂದಿನ ಹೊರದಾರಿಯಲ್ಲಿ ನಿಲ್ಲಿಸಲೇ?’ ಎಂದು ಕೇಳಬಹುದು. ಅವರು ಧ್ವನಿವರ್ಧಕದಲ್ಲಿ ಮುಂದೆ ಹೋಗಿ ನಿಲ್ಲುವಂತೆ ಹೇಳಿದರೆ ಹೇಳಿದ ಜಾಗಕ್ಕೇ ಹೋಗಬೇಕು.

ಆ ಮೂರನೆಯವರ ಮೇಲೂ ಹೊಣೆಯಿದೆ ಎಂಬ ಅರಿವು ಕಾನೂನಿಗೆ ಬಂದದ್ದು ತಡವಾಗಿ. 1994ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದಲ್ಲಿ ರಸ್ತೆ ಅಪಘಾತವೊಂದಕ್ಕೆ ನೆರವಾಗಲು ಹೋಗಿದ್ದ ಆಂಬುಲೆನ್ಸ್ ಸಿಬ್ಬಂದಿಯೊಬ್ಬರಿಗೆ ವಾಹನ ಬಡಿದು ಗಾಯವಾಯಿತು, ತಪ್ಪು ಅವರದೇ ಎಂದು ದಾಖಲಾಯಿತು. ಅವರ ಪಟ್ಟುಬಿಡದ ಪ್ರಯತ್ನದಿಂದ 1996ರಲ್ಲಿ ಆ ರಾಜ್ಯದಲ್ಲಿ, ದೀಪ ಮಿನುಗಿಸುತ್ತ ರಸ್ತೆ ಬದಿಯಲ್ಲಿ ನಿಂತ ತುರ್ತು ವಾಹನವನ್ನು ಕಂಡರೆ ಒಂದು ಪಥ ಬಿಟ್ಟು ಸಾಗಬೇಕು ಅಥವಾ ವೇಗ ತಗ್ಗಿಸಬೇಕು ಎಂಬ ನಿಯಮ ಬಂತು. 2012ರಲ್ಲಿ ಹವಾಯಿ ಸೇರುವುದರೊಂದಿಗೆ ಅಲ್ಲಿನ 50 ರಾಜ್ಯಗಳೂ ಅದನ್ನು ಒಪ್ಪಿಕೊಂಡವು. ಆದರೆ ಪಥ ಬದಲಿಸಲು ಹಿಂದಿನವರಿಗೆ ಸಮಯ ಬೇಕು, ಸಮಯ ಸಿಗಲು ದೂರದಿಂದ ಕಾಣಬೇಕು. ನಿಯಮ ಎಷ್ಟೇ ಚೆನ್ನಾಗಿದ್ದರೂ ತಿರುವಿನ ಹಿಂದೆ ನಿಂತ ವಾಹನಕ್ಕೆ ಅದರಿಂದ ರಕ್ಷಣೆಯಿಲ್ಲ.

ಕೊನೆಯದಾಗಿ, ಜಾಗ ಆರಿಸುವಾಗಲೇ ಅಲ್ಲಿಂದ ಹೊರಡುವುದನ್ನೂ ಯೋಚಿಸಿರಬೇಕು. ಹದವಾಗಿ ವೇಗ ಹೆಚ್ಚಿಸಿದರೆ ನಿಂತ ಕಾರು ಗಂಟೆಗೆ 80 ಕಿಲೋಮೀಟರು ವೇಗಕ್ಕೆ ಬರಲು ಸುಮಾರು 11 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಅದು 120 ಮೀಟರಿಗೂ ಹೆಚ್ಚು ಸಾಗಿರುತ್ತದೆ. ಎದುರಿಗೆ ಹತ್ತೇ ಮೀಟರಿನಲ್ಲಿ ಸೇತುವೆಯ ಗೋಡೆ ಶುರುವಾಗುವಂಥ ಕಡೆ ನಿಲ್ಲಿಸಿದ್ದರೆ ಶೂನ್ಯ ವೇಗದಿಂದ ನೇರವಾಗಿ ಓಡುವ ಸಂಚಾರದೊಳಕ್ಕೆ ನುಗ್ಗಬೇಕಾಗುತ್ತದೆ. ಶೋಲ್ಡರ್ ಮುಂದಕ್ಕೂ ಉದ್ದವಾಗಿ ಚಾಚಿರುವ ಕಡೆ ನಿಲ್ಲಿಸಿದ್ದರೆ, ತಪಾಸಣೆ ಮುಗಿದು ಕಾಗದಗಳು ಕೈಗೆ ಬಂದ ಮೇಲೆ ಅವುಗಳನ್ನು ನಿಧಾನವಾಗಿ ಒಳಗಿಟ್ಟು, ಮನಸ್ಸು ತಿಳಿಯಾಗುವವರೆಗೆ ಕಾದು, ಇಂಡಿಕೇಟರ್ ಹಾಕಿ, ಕನ್ನಡಿಯನ್ನೂ ಹೆಗಲ ಮೇಲಿಂದ ಹಿಂದನ್ನೂ ನೋಡಿ, ಶೋಲ್ಡರಿನಲ್ಲೇ ವೇಗ ಕೂಡಿಸಿಕೊಂಡು ಪಥಕ್ಕೆ ಸೇರಬಹುದು. ಅನೇಕ ಅಧಿಕಾರಿಗಳು ಆ ತನಕ ತಮ್ಮ ದೀಪಗಳನ್ನು ಆರಿಸದೆ ಹಿಂದೆಯೇ ನಿಂತಿರುತ್ತಾರೆ. ಅವರು ನಿಮಗಾಗಿ ಕಾಯುತ್ತಿದ್ದಾರೆಂದು ಅವಸರಪಡಬೇಕಾಗಿಲ್ಲ, ಏಕೆಂದರೆ ಆ ದೀಪಗಳು ಆಗಲೂ ಹಿಂದಿನಿಂದ ಬರುವವರನ್ನು ಎಚ್ಚರಿಸುತ್ತಿರುತ್ತವೆ.